ದೇವಯಾನಿ ಎಂಬ ನಿಯಮ

ಕಾರವಾರದ ಮೇಲಿನ ಗುಡ್ಡ,
ಕಾಳಿ ಹೊಳೆಯ ಬಾಯಿ ಎರಡನೆಯ ಸಲ ಮುಚ್ಚಿದ ವರ್ಷ, ಹದಿಮೂರನೆಯ ತಿಂಗಳ ನಲವತ್ತನೆಯ ದಿನ.

ದೇವಯಾನಿ ತಾಂಡೇಲ್ ಅವರಿಗೆ ನಮಸ್ಕಾರಗಳು.

ತಾರೀಕು ನೋಡಿ, ಯಾರೋ ತಮಾಷೆ ಮಾಡಿದ್ದಾರೆಂದು ಕಾಗದ ಮಡಚಿಡಬೇಡಿ. ನಮ್ಮ ಲೆಕ್ಕವೇ ಹೀಗೆ. ನನ್ನ ಮಾತೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳೀತು, ಮನ್ನಿಸಬೇಕು. ನೀವು ನನಗಿಂತ ಎಷ್ಟೋ ತಲೆಮಾರು ಹಿರಿಯರು. ಆದರೆ ನಿಮ್ಮ ಪ್ರಾಯ ನನ್ನ ಮಗಳದ್ದೇ. ಅಕ್ಕ ಎನ್ನಲೋ ಮಗಳೇ ಎನ್ನಲೋ ತಿಳಿಯದೆ ಹೆಸರನ್ನೇ ಬರೆದಿದ್ದೇನೆ.

ನನ್ನ ಹೆಸರು ಶಾರ್ವರಿ. ಇಲ್ಲಿಯ ಹಾರುಕಟ್ಟೆಯಲ್ಲಿ, ಎಂದರೆ ಹಾರುವವರು ಮೇಲೇಳುವ ಜಾಗದಲ್ಲಿ, ಕೂಗುಗಾರ್ತಿ. ನೀವು ಬೆನ್ನಿಗೆ ಮೋಟಾರು ಕಟ್ಟಿಕೊಂಡು, ಬಟ್ಟೆಯ ರೆಕ್ಕೆ ಬಿಚ್ಚಿ, ಪ್ರವಾಸಿಗರನ್ನು ಸಮುದ್ರದ ಮೇಲೆ ಒಂದು ಸುತ್ತು ಹಾರಿಸಿ ಬಾಡಿಗೆ ಪಡೆಯುತ್ತೀರಲ್ಲ, ಆ ಪ್ಯಾರಾಮೋಟಾರನ್ನು ನಾವು ಗಾಳಿಜೋಲಿ ಎನ್ನುತ್ತೇವೆ. ನೀವು ಓಡಿ ಮೇಲೇಳುವ ಮರಳು ಈಗ ನೀರಿನಡಿಯಲ್ಲಿದೆ. ಊರು ಗುಡ್ಡಗಳ ನೆತ್ತಿಗೆ ಹತ್ತಿದೆ. ಒಂದು ಗುಡ್ಡದಿಂದ ಇನ್ನೊಂದಕ್ಕೆ ಹೋಗಲು ಜೋಲಿಯೇ ನಮಗೆ ಬಸ್ಸು. ಬಾಣಂತಿ, ಮೇಷ್ಟರು, ಒಣಮೀನಿನ ಬುಟ್ಟಿ, ಎಲ್ಲವೂ ಅದರಲ್ಲೇ ಹೋಗಬೇಕು. ನಿನ್ನೆ ಒಂದು ಹೊಲಿಗೆ ಯಂತ್ರವೂ ಹೋಯಿತು.

ನಮ್ಮಲ್ಲಿ ಸುರಕ್ಷತೆಯ ನಿಯಮಗಳಿಗೆ ಸಂಖ್ಯೆಯಿಲ್ಲ, ಹೆಸರುಗಳಿವೆ. ಯಾರು ಸತ್ತಿದ್ದರಿಂದ ನಿಯಮ ಬಂತೋ ಅವರದೇ ಹೆಸರು. ಇಂಜಿನ್ ಚಾಲೂ ಮಾಡುವ ಮೊದಲು ಜಡೆ, ಸೆರಗು ಒಳಗೆ ಸೇರಿಸಬೇಕು ಎಂಬುದು ಫಿಲೋಮಿನಾ. ನೀರಿನ ಮೇಲೆ ಹೋಗುವವರು ತೇಲುವ ಜಾಕೆಟ್ ತೊಡಬೇಕು ಎಂಬುದು ಇಸ್ಮಾಯಿಲ್. ನೆಲದ ಗಾಳಿ ದಿಕ್ಕು ಬದಲಿಸಿದರೆ ಗಿರಾಕಿ ಎಷ್ಟು ಗೋಗರೆದರೂ ಹಾರಬಾರದು ಎಂಬುದು ವಾಮನ. ಕೂಗುಗಾರ್ತಿ ಒಂದೊಂದೇ ಹೆಸರು ಕೂಗುತ್ತಾಳೆ. ಹಾರುವವರು ಆಯಾ ಜಾಗ ಮುಟ್ಟಿ ನೋಡಿ ‘ಇದ್ದೇನೆ’ ಎಂದು ಓಗೊಡುತ್ತಾರೆ. ಸತ್ತವರ ಪರವಾಗಿ ಬದುಕಿದವರು ಹಾಜರಿ ಹೇಳಿದ ಹಾಗೆ.

ಕೊನೆಯ ನಿಯಮ ನೀವು, ದೇವಯಾನಿ. ಬೆಲ್ಟುಗಳನ್ನು ಕಟ್ಟಿಕೊಳ್ಳುವಾಗ ನಡುವೆ ಯಾರಾದರೂ ಮಾತಾಡಿಸಿದರೆ, ಬಿಟ್ಟಲ್ಲಿಂದಲ್ಲ, ಮೊದಲಿನಿಂದ ನೋಡಿಕೊಂಡು ಬರಬೇಕು. ಗಿರಾಕಿಗಳನ್ನು ಕರೆದೊಯ್ಯುವ ಮೊದಲು ಗಾಳಿ ನೋಡಲೆಂದು ನೀವು ಬೆಳಿಗ್ಗೆ ಒಬ್ಬರೇ ಒಂದು ಸುತ್ತು ಹಾರುತ್ತೀರಿ. ಆ ದಿನ ಎದೆಯ ಬೆಲ್ಟು ಬಿಗಿದು, ಕಾಲಿನ ಬೆಲ್ಟಿಗೆ ಬಗ್ಗುವಷ್ಟರಲ್ಲಿ, ಸಾಲಿನಲ್ಲಿ ನಿಂತ ಒಂದು ಕುಟುಂಬ ಫೋಟೋಗೆ ಕರೆಯುತ್ತದೆ. ನೀವು ಯಾರಿಗೂ ಇಲ್ಲ ಎನ್ನುವವರಲ್ಲ. ನಗುತ್ತ ನಿಂತು, ಮರಳಿ ಬಂದು, ಕಟ್ಟಿಯಾಗಿದೆ ಎಂದುಕೊಂಡು ಓಡುತ್ತೀರಿ. ಕಾಲಿನ ಬೆಲ್ಟಿಲ್ಲದಿದ್ದರೆ ಮೇಲೇರಿದ ಮೇಲೆ ಮೈ ಜೋಲಿಯಿಂದ ಕೆಳಗೆ ಜಾರುತ್ತದೆ; ಮುಂದಿನದನ್ನು ಬರೆಯಲಾರೆ. ಆ ಫೋಟೋದಲ್ಲಿ ಕಾಲಿನ ಬೆಲ್ಟುಗಳೆರಡೂ ನೇತಾಡುತ್ತಿವೆಯಂತೆ.

ನಮ್ಮ ಕಟ್ಟೆಯಲ್ಲಿ ನಿಮ್ಮ ಹೆಸರಿಗೆ ಮೊದಲು ಓಗೊಡುವುದು ಹಾರುವವರಲ್ಲ. ಅವರು ಬಾಯಿ ತೆಗೆಯುವ ಮೊದಲೇ, ಯಾರೂ ಇಲ್ಲದ ಕಡೆಯಿಂದ, ಅವಸರದಲ್ಲಿ ನಗುವ ಒಂದು ಹೆಣ್ಣುದನಿ ಬರುತ್ತದೆ: ‘ಇದ್ದೇನೆ, ಬಂದೆ, ಒಂದ್ನಿಮಿಷ!’ ಮೊದಮೊದಲು ಜನ ಹೆದರಿ ಕಟ್ಟೆಯನ್ನೇ ಬೇರೆಡೆಗೆ ಸರಿಸಿದರಂತೆ. ದನಿಯೂ ಜೊತೆಗೇ ಬಂತು. ಈಗ ಅಭ್ಯಾಸವಾಗಿದೆ. ಹೊಸಬರಿಗೆ ಮಾತ್ರ ಮೊದಲೇ ಹೇಳಿಡುತ್ತೇವೆ.

ಹೋದ ವಾರ, ಜೋಲಿ ನಡೆಸುವ ನನ್ನ ಮಗಳು ಚಂಪಾ ಕಟ್ಟಿಕೊಳ್ಳುತ್ತಿದ್ದಳು. ನಡುವೆ ಪಕ್ಕದ ಮನೆಯಾಕೆ ಆಚೆ ಗುಡ್ಡಕ್ಕೆ ತಲುಪಿಸಲು ಉಪ್ಪಿನಕಾಯಿಯ ಭರಣಿ ತಂದು ಮಾತಿಗೆ ನಿಂತಳು. ಮಾತು ಮುಗಿದ ಮೇಲೆ ನಾನು ನಿಮ್ಮ ಹೆಸರು ಕೂಗಿದೆ. ದನಿ ಬಂತು, ಆದರೆ ನಗು ಇರಲಿಲ್ಲ. ‘ಕಾಲು... ಕಾಲು ನೋಡೇ’ ಎಂದಿತು. ಚಂಪಾ ಬಿಳಿಚಿಕೊಂಡು, ‘ಆಯಿ, ಅದು ನಾನಲ್ಲ, ನಾನಿನ್ನೂ ಬಾಯೇ ತೆಗೀಲಿಲ್ಲ’ ಎಂದಳು. ಬಗ್ಗಿ ನೋಡಿದರೆ ಅವಳು ಕಾಲಿನ ಬೆಲ್ಟುಗಳನ್ನು ಕಟ್ಟಿರಲಿಲ್ಲ.

ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ನೀವು ಸತ್ತದ್ದರಿಂದ ನನ್ನ ಮಗಳು ಉಳಿದಿದ್ದಾಳೆ. ನಿಮ್ಮನ್ನು ಎಚ್ಚರಿಸಿ ಉಳಿಸಿದರೆ ನಿಯಮವೂ ಇಲ್ಲ, ದನಿಯೂ ಇಲ್ಲ; ಆಗ ಚಂಪಾಳ ಗತಿ ಏನು? ಕಟ್ಟೆಯ ಹಿರಿಯರು, ‘ಸುಮ್ನಿರೇ ಶಾರ್ವರಿ, ಆಗಿಹೋದದ್ದನ್ನ ಯಾಕೆ ಕೆದಕ್ತೆ?’ ಎಂದು ಗದರಿದರು. ನನ್ನಿಂದ ಆಗಲಿಲ್ಲ. ಪ್ರತಿ ಬೆಳಿಗ್ಗೆ ಒಬ್ಬ ಹುಡುಗಿ ನಗುನಗುತ್ತ ಸಾಯಲು ಓಡುವುದನ್ನು ಕೇಳಿಸಿಕೊಂಡು, ಮನೆಗೆ ಬಂದು ಗಂಜಿ ಉಣ್ಣುವುದು ಮನುಷ್ಯರು ಮಾಡುವ ಕೆಲಸವಲ್ಲ. ನಿಮ್ಮ ದನಿ ಇಲ್ಲಿಗೆ ಬರುವುದಾದರೆ ನನ್ನ ಮಾತೂ ಅಲ್ಲಿಗೆ ಹೋದೀತು. ನಾಳೆ ನಿಮ್ಮ ಹೆಸರು ಕೂಗಿ, ದನಿ ಬಂದ ಕಡೆಗೆ ಈ ಕಾಗದವನ್ನು ಗಾಳಿಗೆ ಬಿಡುತ್ತೇನೆ.

ಬೇಡಿಕೊಳ್ಳುವುದು ಇಷ್ಟೇ. ಫೋಟೋಗೆ ಕರೆದರೆ ಹೋಗಿ, ನಗಿ. ಬಂದ ಮೇಲೆ ಮೊದಲ ಬೆಲ್ಟಿನಿಂದ ಶುರು ಮಾಡಿ. ಆಮೇಲೆ ಬದುಕಿರುವಷ್ಟು ಕಾಲ, ನಿಮ್ಮಲ್ಲಿ ಹಾರಲು ಕಲಿಯುವ ಪ್ರತಿಯೊಬ್ಬರಿಗೂ ಇದನ್ನು ಕಲಿಸಿ, ಬೈದಾದರೂ ಕಲಿಸಿ. ಸಾಯದೆಯೂ ಒಬ್ಬರ ಹೆಸರು ನಿಯಮಕ್ಕೆ ಉಳಿಯಲಿ ಎಂಬುದು ನನ್ನ ಆಸೆ.

ಕಾಗದ ಹೋದ ಮೇಲೆ ಚಂಪಾ ಹಾರಬೇಕು. ಇನ್ನೊಮ್ಮೆ ನಿಮ್ಮ ಹೆಸರು ಕೂಗುತ್ತೇನೆ. ಗಾಳಿಯಿಂದ ದನಿ ಬಾರದಿದ್ದರೆ ನೀವು ಉಳಿದಿರೆಂದು ತಿಳಿದು, ಅವಳ ಕಾಲಿನ ಬೆಲ್ಟುಗಳನ್ನು ನಾನೇ ಬಗ್ಗಿ ಮುಟ್ಟಿ ನೋಡುತ್ತೇನೆ.

ಇಂತಿ,
ಶಾರ್ವರಿ