ಗಾಜಿನ ಮೇಲೆ ಏನೂ ಇರಲಿಲ್ಲ

ಹಾಸ್ಟೆಲ್,
ಜುಲೈ ೧೪, ಭಾನುವಾರ

ಪ್ರೀತಿಯ ಅಪ್ಪಾ,

ಬೆನ್ನುನೋವು ಹೇಗಿದೆ? ನಾನು ಹೊಲಿದುಕೊಟ್ಟ ದಿಂಬನ್ನು ಲಾರಿ ಸೀಟಿಗೆ ಒರಗಿಸಿಕೊಳ್ಳುತ್ತಿದ್ದೀಯೋ, ತಲೆಗೆ ಹಾಕಿಕೊಂಡು ಮಲಗುತ್ತಿದ್ದೀಯೋ? ಎರಡನೆಯದೇ ಇರಬೇಕು. ನಾನು ಚೆನ್ನಾಗಿದ್ದೇನೆ ಅಂತ ಬರೆದು ಮುಗಿಸಿಬಿಡೋಣ ಅಂದುಕೊಂಡೆ, ಮನಸ್ಸು ಒಪ್ಪಲಿಲ್ಲ. ನೀನು ದಾರಿಯುದ್ದಕ್ಕೂ ನನ್ನ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಿರುತ್ತೀಯ, ಅದಕ್ಕೇ ಈ ಕಾಗದ ಬರೆಯುವುದು ಇಷ್ಟು ಕಷ್ಟ.

ಹೋದ ವರ್ಷ ನಮ್ಮ ಜೀವಶಾಸ್ತ್ರದ ಲ್ಯಾಬಿಗೆ ಬರುತ್ತಿದ್ದ ಸರ್ ಬಗ್ಗೆ ಹೇಳಿದ್ದೆನಲ್ಲ, ದೇವರಂಥ ಮನುಷ್ಯ. ಬೋರ್ಡಿನ ಮೇಲೆ ತಾವೇ ಚಿತ್ರ ಬರೆದು, ಭಾಗಗಳ ಹೆಸರು ಹೇಳಿ ಬರೆಸಿ, ನೀಟಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. ಮೈಕ್ರೋಸ್ಕೋಪಿಗೆ ಕಣ್ಣಿಡದಿದ್ದರೂ ನಡೆಯುತ್ತಿತ್ತು. ಈ ವರ್ಷ ಮೇಡಂ ಬಂದಿದ್ದಾರೆ. ಬೋರ್ಡ್ ಮುಟ್ಟುವುದೇ ಇಲ್ಲ. ಏನಾದರೂ ಕೇಳಿದರೆ, "ನಿನಗೇನು ಕಾಣ್ತಿದೆ, ಅದನ್ನ ಹೇಳು" ಅಂತ ತಿರುಗಿ ನಮ್ಮನ್ನೇ ಕೇಳುತ್ತಾರೆ. ಸಂಬಳ ಇವರಿಗೋ ನಮಗೋ ಅಂತ ನಾನೇ ಎಲ್ಲರನ್ನೂ ನಗಿಸಿದ್ದೆ.

ಶುಕ್ರವಾರ ಈರುಳ್ಳಿಯ ತೆಳ್ಳನೆ ಪೊರೆ ಬಿಡಿಸಿ, ಗಾಜಿನ ಸ್ಲೈಡ್ ಮೇಲೆ ಹಾಸಿ, ಜೀವಕೋಶ ನೋಡುವುದಿತ್ತು. ಅದರ ಚಿತ್ರ ನನಗೆ ಬಾಯಿಪಾಠ. ಇಟ್ಟಿಗೆ ಗೋಡೆಯ ಹಾಗೆ ಜೋಡಿಸಿ, ಒಂದೊಂದರಲ್ಲೂ ಚುಕ್ಕಿ ಇಟ್ಟು, ಎಲ್ಲರಿಗಿಂತ ಮೊದಲು ಮುಗಿಸಿ ಕೈಕಟ್ಟಿ ಕೂತೆ. ಮೇಡಂ ಬಂದು ನನ್ನ ಮೈಕ್ರೋಸ್ಕೋಪಿಗೆ ಬಗ್ಗಿದರು. ತುಂಬ ಹೊತ್ತು ನೋಡಿದರು. "ಚಿತ್ರ ಚೆನ್ನಾಗಿದೆ ಕಣಮ್ಮಾ. ಇದು ಎಲ್ಲಿದೆ, ನನಗೂ ಸ್ವಲ್ಪ ತೋರಿಸು" ಅಂದರು. ನೋಡಿದರೆ ಗಾಜಿನ ಮೇಲೆ ಏನೂ ಇಲ್ಲ ಅಪ್ಪಾ! ಪೊರೆ ಜಾರಿ ಮೇಜಿನ ಮೇಲೆ ಬಿದ್ದು ಒಣಗುತ್ತಿತ್ತು. ಇಡೀ ಲ್ಯಾಬು ನಕ್ಕಿತು. ಮೇಡಂ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ವಾಸಿಯಿತ್ತು. ಮುಖ ಎಲ್ಲಿಟ್ಟುಕೊಳ್ಳಲಿ ಹೇಳು.

ಎಲ್ಲರೂ ಹೋದ ಮೇಲೂ ಕೂತೆ. ಮೇಡಂ ಕೂಡ ಕೂತರು. ಹೊಸ ಪೊರೆ ಬಿಡಿಸಿ ಹಾಸಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಮೊದಲು ಕಂಡದ್ದು ನನ್ನದೇ ರೆಪ್ಪೆಗೂದಲು. ಆಮೇಲೆ ಕಪ್ಪು ಅಂಚಿನ ಗುಂಡನೆಯದೊಂದು. ಸಿಕ್ಕಿತು ಅಂತ ಕುಣಿದೆ, ಅದು ಗಾಳಿಗುಳ್ಳೆಯಂತೆ. ಕೊನೆಗೆ ಒಂದು ಮೂಲೆಯಲ್ಲಿ, ಸೊಟ್ಟಸೊಟ್ಟಗೆ, ಅವು ಇದ್ದವು. ಅಳು ಬಂತು. ವರ್ಷವಿಡೀ ಅವುಗಳ ಹೆಸರಲ್ಲಿ ಪೂರ್ತಿ ಅಂಕ ತಗೊಂಡು, ಮುಖ ನೋಡಿದ್ದು ಈಗ.

ಊಟ ಬಿಡಬೇಡ. ಗಾಡಿ ನಿಧಾನ ಓಡಿಸು, ನನ್ನಾಣೆ.

ನಿನ್ನ ಮಗಳು

ಮರೆತಿದ್ದೆ ನೋಡು: ಲಾರಿಯೊಳಗೆ ಅಂಟಿಸಿಕೊಂಡು, "ನನ್ನ ಮಗಳು ಕಣ್ಣಾರೆ ನೋಡಿ ಬರೆದಿದ್ದು" ಅಂತ ಕಂಡಕಂಡವರಿಗೆಲ್ಲ ತೋರಿಸುತ್ತೀಯಲ್ಲ, ಆ ಚಿತ್ರ ತೆಗೆದುಬಿಡು. ಅದು ಬೋರ್ಡ್ ನೋಡಿ ಬರೆದದ್ದು. ನೀನು ಹಾಗೆ ಹೇಳಿದಾಗಲೆಲ್ಲ ಸುಮ್ಮನಿದ್ದೆ, ನಾಚಿಕೆಯಾಗುತ್ತಿದೆ ಅಪ್ಪಾ. ಇದರ ಜೊತೆ ಇನ್ನೊಂದು ಇಟ್ಟಿದ್ದೇನೆ. ನೋಡೋಕೆ ಚೆನ್ನಾಗಿಲ್ಲ, ಅರ್ಧ ಬರೀ ಗಾಳಿಗುಳ್ಳೆ. ಅಂಟಿಸದಿದ್ದರೂ ಬೇಜಾರಿಲ್ಲ. ಅಂಟಿಸಿದರೆ ಮಾತ್ರ, ಕೇಳಿದವರಿಗೆ ನೀನು ಹೇಳುತ್ತಿದ್ದದ್ದನ್ನೇ ಹೇಳಬಹುದು.