ದನಿ ತಗ್ಗಿಸುವ ಯಂತ್ರ

ಮಂಗಳವಾರ, ೧೪ನೇ ತಾರೀಕು

ಪ್ರೀತಿಯ ಅಕ್ಕ,

ಚೆನ್ನಾಗಿದ್ದೇನೆ ಎಂದು ಬರೆದು ಶುರು ಮಾಡಬೇಕೆಂದಿದ್ದೆ. ಮೈಗೇನೂ ಆಗಿಲ್ಲ ಎಂದಷ್ಟೇ ಬರೆಯುತ್ತೇನೆ. ನಿನ್ನ ಎರಡು ಪತ್ರಗಳೂ ದಿಂಬಿನ ಕೆಳಗೆ ಎರಡು ತಿಂಗಳಿಂದ ಇವೆ, ಉತ್ತರ ಬರೆಯದಿದ್ದದ್ದು ನನ್ನದೇ ತಪ್ಪು. ಫೋನಿನಲ್ಲಾದರೂ ಹೇಳೋಣವೆಂದು ಎರಡು ಸಲ ಮಾಡಿದೆ. ಎರಡು ಸಲವೂ ಪುಟ್ಟಿಯ ಹಲ್ಲು, ಭಾವನ ಬೆನ್ನುನೋವು ವಿಚಾರಿಸಿ ಇಟ್ಟುಬಿಟ್ಟೆ. ನನ್ನ ಬಾಯಿ ನಿನಗೆ ಗೊತ್ತಲ್ಲ. ಬಸ್ಸಿನಲ್ಲಿ ಕಾಲು ತುಳಿದವರಿಗೆ ನಾನೇ ಸಾರಿ ಕೇಳುವವಳು.

ಹೆದರಿಕೆಯಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಬರುವ ಸೋಮವಾರ ನಮ್ಮ ಕಂಪನಿಯ ಯಂತ್ರದ ವಿನ್ಯಾಸ ಅಂತಿಮವಾಗುತ್ತದೆ. ಅದರ ಮರುವಾರ ಅದು ಪರೀಕ್ಷೆಗೆಂದು ನಲವತ್ತು ರೋಗಿಗಳ ಮನೆ ಸೇರುತ್ತದೆ. ಅದರಲ್ಲೊಂದು ತಪ್ಪಿದೆ. ಆ ತಪ್ಪು ಒಳಗೆ ಹೊಕ್ಕಿದ್ದು ನನ್ನ ಕೈಯಿಂದ.

ಸಾಹಿತ್ಯ ಓದಿದವಳಿಗೆ ಅಲ್ಲೇನು ಕೆಲಸ ಎಂದು ನೀನು ಕೇಳಿದ್ದೆ. ಓದುವುದೇ ಕೆಲಸ. ನಾವು ಮಾಡುತ್ತಿರುವುದು ಮಂಚದ ಪಕ್ಕ ಇಡುವ ಒಂದು ಪೆಟ್ಟಿಗೆ. ಅದರಿಂದ ಹೊರಟ ತಂತಿಯ ಕ್ಲಿಪ್ಪನ್ನು ರೋಗಿಯ ಬೆರಳಿಗೆ ಸಿಕ್ಕಿಸುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿದರೆ ಅದು ಕೂಗಿಕೊಳ್ಳಬೇಕು. ಇದೇ ಬಗೆಯ ಯಂತ್ರ ಮಾಡುವ ಕಂಪನಿಗಳು ಇನ್ನೂ ನಾಲ್ಕಿವೆ. ಅವರ ಬಳಕೆಯ ಕೈಪಿಡಿಗಳನ್ನೆಲ್ಲ ಓದಿ, ಯಾರ ಯಂತ್ರದಲ್ಲಿ ಏನಿದೆ ಏನಿಲ್ಲ ಎಂದು ಒಂದು ದೊಡ್ಡ ಕೋಷ್ಟಕ ತುಂಬುವುದು ನನ್ನ ಪಾಲು. ಪ್ರತಿ ಚೌಕದಲ್ಲೂ ಒಂದೇ ಪದ: "ಇದೆ" ಅಥವಾ "ಇಲ್ಲ". ಬೇರೇನೂ ಬರೆಯಬಾರದು. "ಕಥೆ ಬೇಡ, ಎರಡೇ ಪದ ಸಾಕು" ಎಂದು ಯಜಮಾನರು ಮೊದಲ ದಿನವೇ ಹೇಳಿದ್ದರು.

ಇಂಥ ಯಂತ್ರ ಸುಮ್ಮಸುಮ್ಮನೆ ಕೂಗುವುದು ಹೆಚ್ಚು. ಕ್ಲಿಪ್ಪು ಜಾರಿದರೂ ಕೂಗುತ್ತದೆ, ರೋಗಿ ಕೈ ಆಡಿಸಿದರೂ ಕೂಗುತ್ತದೆ. ಮನೆಯವರು ರೋಸಿಹೋಗಿ ಆರಿಸಿಯೇ ಇಡುತ್ತಾರೆ. ಅದಕ್ಕೆ ಪದೇ ಪದೇ ಕೂಗಬೇಕಾಗಿ ಬಂದಾಗ ತಾನೇ ದನಿ ತಗ್ಗಿಸಿಕೊಳ್ಳುವ ಏರ್ಪಾಡು ಇದ್ದರೆ ಹೇಗೆ ಎಂಬ ಮಾತು ಬಂತು. ನಾನು ಕೋಷ್ಟಕ ನೋಡಿದೆ. ಆ ಸಾಲಿನಲ್ಲಿ ಇಲ್ಲ, ಇಲ್ಲ, ಇಲ್ಲ, ಇಲ್ಲ.

"ನಾಲ್ಕರಲ್ಲೂ ಇಲ್ವಾ? ಸರಿಯಾಗಿ ನೋಡಿದ್ಯೇನಮ್ಮ?" ಎಂದರು ಯಜಮಾನರು.

"ನೋಡಿದೆ ಸರ್."

"ಹಾಗಾದ್ರೆ ಖಾಲಿ ಸೀಟು. ಇನ್ನೊಬ್ಬರು ಬರೋ ಮುಂಚೆ ಕೂತ್ಕೊಂಡುಬಿಡೋಣ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ದಿನ ನನ್ನನ್ನೂ ಗಮನಿಸಿದರು ಅನ್ನಿಸಿ ಖುಷಿಯಾಗಿತ್ತು, ಅಕ್ಕ. ಅಲಾರಂ ಮಾಡುವ ಹಿರಿಯ ಎಂಜಿನಿಯರನ್ನು ನಾವೆಲ್ಲ ಗಂಟೆ ಸರ್ ಎನ್ನುತ್ತೇವೆ. ಅವರೊಬ್ಬರೇ ಗೊಣಗಿದರು: "ಗಂಟೆ ಕಟ್ಟೋನಿಗೇ ಗಂಟೆಯ ನಾಲಗೆ ಕೀಳು ಅಂತೀರಿ." ಆದರೂ ಮಾಡಿಕೊಟ್ಟರು.

ಮೂರು ವಾರದ ಹಿಂದೆ ಒಂದು ಕೈಪಿಡಿಯನ್ನು ಮತ್ತೆ ಓದುವಾಗ ಒಂದು ವಾಕ್ಯಕ್ಕೆ ಕಣ್ಣು ಸಿಕ್ಕಿಕೊಂಡಿತು. "ಈ ಯಂತ್ರವು ಯಾವ ಸಂದರ್ಭದಲ್ಲೂ ತಾನಾಗಿ ದನಿ ತಗ್ಗಿಸಿಕೊಳ್ಳುವುದಿಲ್ಲ." ಯಾರೂ ಕೇಳದ ಪ್ರಶ್ನೆಗೆ ಇವರೇಕೆ ಉತ್ತರ ಕೊಡುತ್ತಿದ್ದಾರೆ ಅನ್ನಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಇನ್ನೊಂದು ಕಂಪನಿಯದನ್ನು ತೆಗೆದೆ. ಅಲ್ಲೂ ಹೆಚ್ಚುಕಡಿಮೆ ಅದೇ ಮಾತು.

ಕಾಲೇಜಿನಲ್ಲಿ ಪಾಠಾಂತರ ನೋಡುವುದನ್ನು ಕಲಿಸಿದ್ದರು. ಒಂದೇ ಕೃತಿಯ ಹಳೆಯ ಪ್ರತಿ, ಹೊಸ ಪ್ರತಿ ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವ ಸಾಲು ಯಾವಾಗ ಸೇರಿತು, ಯಾವುದು ಬಿಟ್ಟುಹೋಯಿತು ಎಂದು ಹುಡುಕುವುದು. ಆಫೀಸಿನಲ್ಲಿ ಹಳೆಯ ಪ್ರತಿಗೆ ಬೆಲೆಯಿಲ್ಲ. ಹೊಸ ಕೈಪಿಡಿ ಬಂದ ದಿನವೇ ಹಳೆಯದು ಕಸಕ್ಕೆ. ನಾನೂ ಅವರಂತೆಯೇ ಹೊಸದನ್ನಷ್ಟೇ ಓದಿ ಚೌಕ ತುಂಬಿದ್ದೆ.

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಅಂಗಡಿ ಇದೆ. ಗಾಲಿಕುರ್ಚಿ, ಮಂಚ, ಇಂಥ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತಾರೆ. ಅಲ್ಲಿ ರಿಪೇರಿ ಮಾಡುವ ವೃದ್ಧರೊಬ್ಬರು ಕನ್ನಡಕವನ್ನು ಹಣೆಗೇರಿಸಿಕೊಂಡು ನನ್ನನ್ನು ನೋಡಿದರು.

"ಹಳೇ ಪುಸ್ತಕಾನಾ? ಯಂತ್ರ ಕೇಳ್ಕೊಂಡು ಬರ್ತಾರೆ, ಪುಸ್ತಕ ಕೇಳಿದೋಳು ನೀನೇ ಮೊದಲು. ಆ ಮೂಲೇಲಿದೆ ನೋಡು, ಧೂಳಿಗೆ ಸೀನಬೇಡ."

ಅರ್ಧ ದಿನ ನೆಲದ ಮೇಲೆ ಕೂತು ಹುಡುಕಿದೆ. ಎರಡೂ ಕಂಪನಿಗಳ ಮೊದಲ ಮುದ್ರಣಗಳು ಸಿಕ್ಕಿದವು. ಎರಡರಲ್ಲೂ ನಮ್ಮ ಹೊಸ ಏರ್ಪಾಡು ಇತ್ತು. ಹತ್ತು ನಿಮಿಷದಲ್ಲಿ ಐದು ಸಲ ಕೂಗಿದರೆ ದನಿ ಅರ್ಧಕ್ಕಿಳಿಯುತ್ತದೆ. ಮತ್ತೂ ಕೂಗಿದರೆ ಅದರರ್ಧಕ್ಕೆ. ನಂತರದ ಮುದ್ರಣದಲ್ಲಿ ಆ ಪುಟವೇ ಇಲ್ಲ.

ವೃದ್ಧರಿಗೆ ತೋರಿಸಿದೆ. "ಅದಾ? ಕಂಪನಿಯೋರೇ ಬಂದು ಒಂದೊಂದು ಯಂತ್ರದಿಂದಲೂ ಅದನ್ನ ತೆಗೆದು ಹೋದ್ರು. ಯಾಕ್ರಪ್ಪಾ ಅಂದೆ. ಸುಧಾರಣೆ ಅಂದ್ರು. ಸುಧಾರಣೆ ಮಾಡೋರು ಅಷ್ಟು ಅವಸರ ಮಾಡಲ್ಲ ಮಗಳೇ."

ಅಂದರೆ ನಾನು ಬರೆದ "ಇಲ್ಲ" ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಇತ್ತು, ಇದ್ದು ಏನೋ ಆಯಿತು, ಆಮೇಲೆ ತೆಗೆದರು. ಅದನ್ನು ಬರೆಯಲು ನನ್ನ ಕೋಷ್ಟಕದಲ್ಲಿ ಚೌಕವಿರಲಿಲ್ಲ.

ಯಜಮಾನರ ಕೋಣೆಗೆ ಹೋಗಲು ನಾಲ್ಕು ದಿನ ಬೇಕಾಯಿತು. ಅವರು ಪುಟಗಳನ್ನು ತಿರುವಿ ನೋಡಿದರು.

"ತೆಗೆದಿದ್ದಾರೆ ಅಂದ್ರೆ ಅವರಿಗೆ ಮಾಡೋಕೆ ಬರ್ಲಿಲ್ಲ ಅಂತ. ನಮಗೆ ಬರುತ್ತೆ. ಇದರಿಂದ ಯಾರಿಗಾದ್ರೂ ತೊಂದ್ರೆ ಆಯ್ತು ಅಂತ ಎಲ್ಲಾದ್ರೂ ಬರ್ದಿದ್ಯಾ?"

"ಇಲ್ಲ ಸರ್."

"ಮತ್ತೆ? ಪುಸ್ತಕದಲ್ಲಿ ಇಲ್ಲದ ಸಾಲು ಓದೋಕೆ ನಿನ್ನ ಕರ್ಕೊಂಡಿಲ್ಲ ಕಣಮ್ಮ." ಆಮೇಲೆ ಮೆಲ್ಲಗೆ, ತಮ್ಮ ನೀರಿನ ಲೋಟವನ್ನೇ ನನ್ನತ್ತ ಸರಿಸುತ್ತ, "ಮುಂದಿನ ತಿಂಗಳು ಕೆಲಸ ಕಾಯಂ ಆಗ್ಬೇಕಲ್ವಾ?" ಎಂದರು.

ಗದರಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಗಂಟೆ ಸರ್ ಮೆಟ್ಟಿಲ ಬಳಿ ಕಾಯುತ್ತಿದ್ದರು. "ಏನ್ ಪಂಡಿತ್ರೇ, ನನ್ನ ಗಂಟೆ ಬಾಯಿಗೆ ಬಟ್ಟೆ ತುರುಕಿಸಿದೋರು ನೀವೇ, ಈಗ ತೆಗೀರಿ ಅನ್ನೋರೂ ನೀವೇ ಅಂತೆ?" ಎಂದರು. ಪುಟಗಳನ್ನು ಓದಿದ ಮೇಲೆ ಅವರ ತಮಾಷೆ ನಿಂತುಹೋಯಿತು. "ಸೋಮವಾರದ ಸಭೇಲಿ ನೀವು ಎದ್ದು ಹೇಳಿ. ಹೇಳಿದ್ರೆ ನಾನೂ ನಿಮ್ಮ ಪಕ್ಕ ನಿಲ್ತೀನಿ. ನಾನಾಗಿ ಬಾಯಿ ಬಿಡಲ್ಲ. ನನಗೂ ಸಂಸಾರ ಇದೆ."

ಹೀಗೆ ಎಲ್ಲ ನನ್ನ ಬಾಯಿಗೆ ಬಂದು ನಿಂತಿದೆ. ಮೇಜಿನ ಸುತ್ತ ಹನ್ನೊಂದು ಜನ ಇರುತ್ತಾರೆ. ರೂಮಿನಲ್ಲಿ ಕನ್ನಡಿಯೆದುರು ಅಭ್ಯಾಸ ಮಾಡುತ್ತೇನೆ. "ಸರ್" ಎನ್ನುವವರೆಗೆ ದನಿ ಬರುತ್ತದೆ, ಮುಂದಿನದು ಬರುವುದಿಲ್ಲ, ಮತ್ತೆ ಮೊದಲಿಂದ ಶುರು ಮಾಡುತ್ತೇನೆ. ನಾನು ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ. ಕಣ್ಣು ಮುಚ್ಚಿದರೆ ಆ ನಲವತ್ತು ಮನೆಗಳ ಬಾಗಿಲುಗಳು ಕಾಣುತ್ತವೆ.

ಹೇಳುತ್ತೇನೆ, ಅಕ್ಕ. ಬಾಯಿ ಬಾರದಿದ್ದರೆ ಬರೆದುಕೊಂಡು ಹೋಗಿ ಓದುತ್ತೇನೆ. ಓದುವುದೊಂದು ನನಗೆ ಬರುತ್ತದೆ.

ಭಾವನಿಗೆ ನಮಸ್ಕಾರ ಹೇಳು, ಭಾರ ಎತ್ತಬೇಡಿ ಎಂದು ಮತ್ತೊಮ್ಮೆ ಹೇಳು. ಪುಟ್ಟಿ ನೂರು ವರ್ಷ ಬಾಳಲಿ, ಚಿಕ್ಕಮ್ಮನ ಹಾಗೆ ಪುಕ್ಕಲಾಗದಿರಲಿ.

ನಿನ್ನ ತಂಗಿ

ಮರೆತ ಮಾತಲ್ಲ, ಮೇಲೆ ಬರೆಯಲು ಧೈರ್ಯ ಸಾಲದ ಮಾತು: ನನಗೆ ಸಿಕ್ಕ ಒಂದು ಮೊದಲ ಮುದ್ರಣದ ರಕ್ಷಾಪುಟದ ಮೇಲೆ ಯಂತ್ರದ ಚಿತ್ರವಿದೆ. ಬಿಳಿ ಪೆಟ್ಟಿಗೆ, ಎಡಕ್ಕೆ ಹಸಿರು ಗುಂಡಿ. ಅಮ್ಮನ ಮಂಚದ ಪಕ್ಕ ನಾವು ಬಾಡಿಗೆಗೆ ತಂದಿಟ್ಟದ್ದು ಅದೇ. ಆ ಮಧ್ಯಾಹ್ನ ಕ್ಲಿಪ್ಪು ಜಾರಿ ಜಾರಿ ಅದು ಕೂಗುತ್ತಲೇ ಇತ್ತು, ಹತ್ತು ನಿಮಿಷದಲ್ಲಿ ಏಳು ಸಲ ಓಡಿ ಬಂದು ಸರಿ ಮಾಡಿದೆ ಎಂದು ನೀನು ಹೇಳಿದ್ದೆ. ಎಂಟನೆಯ ಸಲ ನೀನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಅಂದಿನಿಂದ ಮನೆಯಲ್ಲಿ ನೀನು ರೇಡಿಯೊ ಹಾಕಿಲ್ಲ, ಒಂದು ಬಾಗಿಲನ್ನೂ ಮುಚ್ಚಿಲ್ಲ ಎಂದು ಭಾವ ಹೇಳಿದರು. ಎಲ್ಲರೂ ಸುಮ್ಮನಿದ್ದಾಗ, ಅಮ್ಮನ ದೇಹವನ್ನು ಇನ್ನೂ ಹೊರಗೆ ತಂದಿರಲಿಲ್ಲ, "ನಿನಗೆ ಕೇಳಿಸಲೇ ಇಲ್ವಾ?" ಎಂದು ಕೇಳಿದವಳು ನಾನು. ಜೀವಮಾನದಲ್ಲಿ ನಾನು ಗಟ್ಟಿಯಾಗಿ ಆಡಿದ ಮಾತು ಅದೊಂದೇ. ದನಿ ಇಳಿಯುವ ಸಂಗತಿ ಇರುವ ಇಪ್ಪತ್ತೊಂದನೆಯ ಪುಟವನ್ನು ಇದರ ಜೊತೆ ಇಟ್ಟಿದ್ದೇನೆ, ಓದು. ಎಂಟನೆಯ ಸಲ ಅದು ಕೂಗಿರಲಾರದು, ಪಿಸುಗುಟ್ಟಿರಬೇಕು. ಯಾರಿಗೂ ಕೇಳಿಸುತ್ತಿರಲಿಲ್ಲ, ಅಕ್ಕ.