ತೋಳಿನ ಬೆಳ್ಳಿ ನಾಣ್ಯಗಳು

ಅಮ್ಮಾ,

ಯುರೇನಿಯಂ ಗಣಿಯವರು ಶುದ್ಧ ನೀರು ಕೊಡುತ್ತೇವೆ ಎಂದಿದ್ದರು, ಕೊಡಲಿಲ್ಲ. ವಿಷದ ಮಣ್ಣು ತೆಗೆಯುತ್ತೇವೆ ಎಂದಿದ್ದರು, ತೆಗೆಯಲಿಲ್ಲ. ನಮ್ಮ ಬಾವಿಯ ನೀರು ಪರೀಕ್ಷೆ ಮಾಡಿಸಿ ಎಂದರೆ ನಗುತ್ತಾರೆ.

ನಾವೇ ಮಾಡಿಸೋಣ ಎಂದು ಇವತ್ತು, ನೀನು ಬದುಕಿರುವಾಗಲೇ ನನಗೆ ಕೊಟ್ಟ ಮಖಮಲ್ ರವಿಕೆಯನ್ನು ಗ್ಯಾಲಪ್ ಪೇಟೆಯ ನಾಣ್ಯದಂಗಡಿಗೆ ಒಯ್ದೆ. ಅದರ ತೋಳಿನುದ್ದಕ್ಕೂ ನೀನು ಹೊಲಿದ ಹತ್ತು ಸೆಂಟಿನ ಹಳೇ ಬೆಳ್ಳಿ ನಾಣ್ಯಗಳಿಗೆ ಬೆಲೆ ಕಟ್ಟಿಸಬೇಕಿತ್ತು.

ಅಂಗಡಿಯ ಡ್ವೇನ್ ಭೂತಗನ್ನಡಿ ಹಿಡಿದು ನೋಡಿದ. "ಅಯ್ಯೋ ತಾಯಿ, ಹಿಂದುಗಡೆ ಕೊಂಡಿ ಬೆಸೆದು ಕೆಡಿಸಿಬಿಟ್ಟಿದ್ದೀರಲ್ಲ! ಸಂಗ್ರಹ ಮಾಡೋರು ಮೂಸಿಯೂ ನೋಡಲ್ಲ. ಬೆಳ್ಳಿ ತೂಕದ ಬೆಲೆ ಅಷ್ಟೇ."

"ಕೆಡಿಸಿದ್ದಲ್ಲ ಕಣಯ್ಯ, ತೊಟ್ಟಿದ್ದು. ನಿಮ್ಮ ಹಾಗೆ ಡಬ್ಬಿಯಲ್ಲಿ ಬೀಗ ಹಾಕಿಡೋ ಜನ ಅಲ್ಲ ನಾವು."

ಅವನು ನಕ್ಕು ಕತ್ತರಿ ತೆಗೆದ. ನಾನೇ ತೋಳು ಬಿಡಿಸಿ ಹಿಡಿದೆ. ಎರಡೂ ತೋಳು ಬೋಳಾದವು. ಸಿಕ್ಕ ದುಡ್ಡನ್ನೂ ನಮ್ಮ ಬಾವಿಯ ನೀರಿನ ಸೀಸೆಯನ್ನೂ ಪ್ರಯೋಗಾಲಯಕ್ಕೆ ಕೊಟ್ಟು ಬಂದೆ.

ಸತ್ತವರನ್ನು ಹೀಗೆ ಕರೆದು ಮಾತಾಡಿಸಲು ನಾವು ನವಾಹೊ ಜನ ಹೆದರುತ್ತೇವೆ. ನನಗೀಗ ಅದಕ್ಕಿಂತ ದೊಡ್ಡ ಭಯ ಪ್ರಯೋಗಾಲಯದವರು ಕಳಿಸುವ ಕಾಗದದ್ದು. ಮೂತ್ರಪಿಂಡ ಕೆಟ್ಟು ನೀನು ಹೋದ ಮೇಲೂ ಅದೇ ಬಾವಿಯ ನೀರನ್ನು ನನ್ನ ಮಗಳಿಗೆ ಕುಡಿಸಿದವಳು ನಾನೇ. ಆ ಕಾಗದವನ್ನು ಊರಸಭೆಯಲ್ಲಿ ಎಲ್ಲರೆದುರು ಓದುವುದು ಬರುವ ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ.